ಮಡಚುವ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಹಲ್ಲು ಹಿಡಿದು ನೋಡಿರಿ



ಸಂತೆಯಲ್ಲಿ ಎತ್ತು ಕೊಳ್ಳುವಾಗ ನೀವು ಮೈಬಣ್ಣ ನೋಡಿ ಹಣ ಎಣಿಸುವುದಿಲ್ಲ. ಹಲ್ಲು ಹಿಡಿದು ವಯಸ್ಸು ತಿಳಿಯುತ್ತೀರಿ, ಗೊರಸು ಎತ್ತಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸುತ್ತೀರಿ, ಸಾಧ್ಯವಾದರೆ ನೊಗ ಹೂಡಿ ಒಂದು ಸಾಲು ಹೊಡೆಯುತ್ತೀರಿ. ಅಷ್ಟು ಜಾಣನಾದ ಅದೇ ರೈತ ಮಗಳಿಗೋ ಮಗನಿಗೋ ಲ್ಯಾಪ್‌ಟಾಪ್ ತರಲು ಪೇಟೆಗೆ ಹೋದಾಗ ಮಾತ್ರ ಅಂಗಡಿಕಾರನು ಹೇಳಿದ್ದನ್ನೇ ವೇದವೆಂದು ನಂಬಿ ಹಣ ಕೊಟ್ಟು ಬರುತ್ತಾನೆ. ಇದು ಸರಿಯಲ್ಲ. ಯಂತ್ರಕ್ಕೂ ಹಲ್ಲುಂಟು, ಗೊರಸುಂಟು. ಅವನ್ನು ನೋಡುವ ಕ್ರಮವೇನೆಂಬುದನ್ನು ಈ ವಾರ ವಿಚಾರ ಮಾಡೋಣ.

ಅರ್ಧ ಎಕರೆ ಕಬ್ಬಿನ ಮಾತು

ಮೊದಲು ಹಣದ ಲೆಕ್ಕ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಹಗಲು ರಾತ್ರಿ ಕುಳಿತದ್ದು ನಿಮಗೆಲ್ಲ ನೆನಪಿದೆ. 3,500 ರೂಪಾಯಿ ಕೇಳಿದವರಿಗೆ ಕೊನೆಗೆ ಟನ್ನಿಗೆ 3,300 ರೂಪಾಯಿ ಎಂದು ತೀರ್ಮಾನವಾಯಿತು. ನೂರಿನ್ನೂರು ರೂಪಾಯಿಗಾಗಿ ಅಷ್ಟು ದಿನ ರಸ್ತೆಯಲ್ಲಿ ಕುಳಿತ ನಾವು, ಅದೇ ಕಬ್ಬಿನ ಬಿಲ್ಲಿನಲ್ಲಿ 66,000 ರೂಪಾಯಿಯ ಯಂತ್ರವನ್ನು ಅರ್ಧ ಗಂಟೆಯಲ್ಲಿ ಕೊಂಡು ಬಂದರೆ ಹೇಗೆ? 66,000 ಎಂದರೆ 20 ಟನ್ ಕಬ್ಬು. ಎಕರೆಗೆ 40 ಟನ್ ಇಳುವರಿ ಎಂದು ಹಿಡಿದರೆ ಅರ್ಧ ಎಕರೆಯ ಒಂದು ವರ್ಷದ ಫಲ. ಅದರಲ್ಲಿ ಬೀಜ, ಗೊಬ್ಬರ, ಆಳು, ನೀರಿನ ಖರ್ಚನ್ನು ಇನ್ನೂ ಕಳೆದಿಲ್ಲ. ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆಂದು ಹಿರಿಯರು ಹೇಳಿದ್ದು ಇಂಥದಕ್ಕೇ.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಮಕ್ಕಳು ಈಗ ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯಕ್ಕೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ, ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುತ್ತಿದ್ದಾರೆ. ಅವರಲ್ಲಿ ಅನೇಕರು ಮನೆಯಲ್ಲಿ ಕೇಳುವುದು ಮಡಚುವ ಲ್ಯಾಪ್‌ಟಾಪು. ಅಂಗಡಿಯವರ ಭಾಷೆಯಲ್ಲಿ ಕನ್ವರ್ಟಿಬಲ್ ಅಥವಾ ಟೂ-ಇನ್-ವನ್. ಇದರ ಪರದೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಪಾಟಿಯಂತೆ ಕೈಯಲ್ಲಿ ಹಿಡಿದು ಪೆನ್ನಿನಿಂದ ಬರೆಯಬಹುದು. ಲೆನೊವೊ ಕಂಪನಿಯ ಯೋಗ ಎಂಬ ಮಾದರಿ 2012ರಲ್ಲಿ ಬಂದ ಮೇಲೆ ಈ ತರಹದ ಯಂತ್ರ ಹೆಚ್ಚು ಪ್ರಚಾರಕ್ಕೆ ಬಂತು. ಎಚ್‌ಪಿಯ ಎನ್ವಿ ಎಕ್ಸ್360, ಡೆಲ್‌ನ ಇನ್‌ಸ್ಪಿರಾನ್ ಟೂ-ಇನ್-ವನ್ ಇದೇ ಜಾತಿಯವು. ಮಧ್ಯಮ ದರ್ಜೆಯವಕ್ಕೆ ಸುಮಾರು 60 ಸಾವಿರದಿಂದ 90 ಸಾವಿರ ರೂಪಾಯಿ ಬೀಳುತ್ತದೆ. 2025ರ ಕೊನೆಯಿಂದ ಮೆಮೊರಿಯ ಬೆಲೆ ಏರಿರುವುದರಿಂದ ದರ ಮೇಲಿಂದ ಮೇಲೆ ಬದಲಾಗುತ್ತಿದೆ. ಆದ್ದರಿಂದ ಎರಡು ಮೂರು ಕಡೆ ಕೇಳದೆ ಮುಂಗಡ ಕೊಡಬೇಡಿರಿ.

ಚಿತ್ರಶಕ್ತಿ ಎಂದರೇನು?

ಪರದೆಯ ಮೇಲೆ ಕಾಣುವ ಅಕ್ಷರ, ಚಿತ್ರ, ನಕ್ಷೆ, ವೀಡಿಯೋ ಎಲ್ಲವನ್ನೂ ಬಿಡಿಸುವ ಭಾಗಕ್ಕೆ ಗ್ರಾಫಿಕ್ಸ್ ಎಂದು ಹೆಸರು. ದೊಡ್ಡ ಆಟದ ಯಂತ್ರಗಳಲ್ಲಿ ಇದಕ್ಕೆ ಬೇರೆಯೇ ಚಿಪ್ಪು, ಬೇರೆಯೇ ಮೆಮೊರಿ ಇರುತ್ತದೆ. ಅಂಥವು ಭಾರ ಹೆಚ್ಚು, ಬಿಸಿ ಹೆಚ್ಚು, ಬ್ಯಾಟರಿ ಬೇಗ ಮುಗಿಯುತ್ತದೆ. ಮಡಚುವ ತೆಳು ಯಂತ್ರಗಳಲ್ಲಿ ಗ್ರಾಫಿಕ್ಸನ್ನು ಮುಖ್ಯ ಪ್ರೊಸೆಸರಿನ ಒಳಗೇ ಕೂಡಿಸಿರುತ್ತಾರೆ. ಇದಕ್ಕೆ ಒಳಗೂಡಿದ ಗ್ರಾಫಿಕ್ಸ್ ಎನ್ನೋಣ.

ಇದನ್ನು ತಿಳಿಯಲು ಬಾವಿಯ ಉಪಮೆ ಸಾಕು. ಬೇರೆ ಚಿಪ್ಪಿನ ಯಂತ್ರವೆಂದರೆ ಎರಡು ಬಾವಿ, ಎರಡು ಪಂಪು. ಒಳಗೂಡಿದ್ದು ಎಂದರೆ ಒಂದೇ ಬಾವಿಗೆ ಎರಡು ಪಂಪು. ಪ್ರೊಸೆಸರೂ ಗ್ರಾಫಿಕ್ಸೂ ಒಂದೇ ಮೆಮೊರಿಯಿಂದ ಎತ್ತಿಕೊಳ್ಳಬೇಕು. ಬಾವಿ ಸಣ್ಣದಿದ್ದರೆ, ಅಥವಾ ಪೈಪು ಸಣ್ಣದಿದ್ದರೆ, ಎಷ್ಟು ಅಶ್ವಶಕ್ತಿಯ ಪಂಪು ಕೂಡಿಸಿದರೂ ಹೊಲಕ್ಕೆ ನೀರು ಹೋಗದು. ಇದರಿಂದ ಎರಡು ಸೂತ್ರಗಳು ಹೊರಡುತ್ತವೆ.

ಒಂದು: ಮೆಮೊರಿ, ಅಂದರೆ ರ‍್ಯಾಮ್, 16 ಜಿಬಿಗೆ ಕಡಿಮೆ ಇರಬಾರದು. 8 ಜಿಬಿಯಲ್ಲಿ ಗ್ರಾಫಿಕ್ಸು ತನ್ನ ಪಾಲು ಎತ್ತಿಕೊಂಡ ಮೇಲೆ ಉಳಿದ ಕೆಲಸಕ್ಕೆ ಸಾಲದೆ ಯಂತ್ರ ಏದುಸಿರು ಬಿಡುತ್ತದೆ. ಮಡಚುವ ಯಂತ್ರಗಳಲ್ಲಿ ಬಹಳಷ್ಟಕ್ಕೆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಮುಂದೆ ಹೆಚ್ಚಿಸಿಕೊಂಡರಾಯಿತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಎರಡು: ಮೆಮೊರಿಯ ಪೈಪು ಎರಡಿರಬೇಕು. ಇದಕ್ಕೆ ಡ್ಯುಯಲ್ ಚಾನೆಲ್ ಎನ್ನುತ್ತಾರೆ. ಡಿಡಿಆರ್4-3200 ಮೆಮೊರಿ ಒಂದೇ ಚಾನೆಲಿನಲ್ಲಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಹರಿಯುತ್ತದೆ. ಎರಡು ಚಾನೆಲ್ ಆದರೆ 51.2. ಹೊಸ ಎಲ್‌ಪಿಡಿಡಿಆರ್5-6400 ಆದರೆ 102.4. ಚಿಪ್ಪು ಅದೇ ಇದ್ದರೂ ಕೆಲಸದಲ್ಲಿ ಇಷ್ಟು ವ್ಯತ್ಯಾಸಕ್ಕೆ ಎಡೆಯುಂಟು.

ನಾನು ಎಡವಿದ ಜಾಗ

ಈ ಎರಡನೆಯ ಸೂತ್ರವನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ಕೈ ಸುಟ್ಟುಕೊಂಡು ಕಲಿತದ್ದು. ಕೆಲವು ವರ್ಷದ ಹಿಂದೆ ಮನೆಗೆ ಇಂಥದೊಂದು ಯಂತ್ರ ತಂದೆ. ಪೆಟ್ಟಿಗೆಯ ಮೇಲೆ ಇಂಟೆಲ್ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಎಂದು ಬರೆದಿತ್ತು. ಮನೆಯಲ್ಲಿ ಹಚ್ಚಿ ನೋಡಿದರೆ ಯಂತ್ರವೇ ತನ್ನನ್ನು ಇಂಟೆಲ್ ಯುಎಚ್‌ಡಿ ಎಂದು ಹೇಳಿಕೊಳ್ಳುತ್ತಿತ್ತು. ವೀಡಿಯೋ ಜೋಡಿಸಲು ಕುಳಿತರೆ ಎತ್ತು ಕೆಸರಿನಲ್ಲಿ ಸಿಕ್ಕಂತೆ ನಿಲ್ಲುತ್ತಿತ್ತು. ಕೇಳಿದಾಗ ಮಾರಿದವನು ಸಾಫ್ಟ್‌ವೇರಿನ ದೋಷವೆಂದ. ಆಮೇಲೆ ಬಲ್ಲವರೊಬ್ಬರು ತಳ ಬಿಚ್ಚಿ ತೋರಿಸಿದರು. ಒಳಗೆ 8 ಜಿಬಿಯ ಒಂದೇ ಪಟ್ಟಿ ಇತ್ತು, ಪಕ್ಕದ ಗೂಡು ಖಾಲಿ. ಎರಡು ಚಾನೆಲ್ ಇಲ್ಲದಿದ್ದರೆ ಆ ಚಿಪ್ಪು ಐರಿಸ್ ಎಕ್ಸ್‌ಇ ಆಗಿ ಕೆಲಸ ಮಾಡುವುದೇ ಇಲ್ಲ ಎಂಬುದು ಆಗ ತಿಳಿಯಿತು. ಇನ್ನೊಂದು 8 ಜಿಬಿ ಪಟ್ಟಿ ಕೂಡಿಸಿದೊಡನೆ ಹೆಸರೂ ಬದಲಾಯಿತು, ನಡೆಯೂ ಬದಲಾಯಿತು. ಗೂಡು ಇದ್ದದ್ದು ನನ್ನ ಪುಣ್ಯ. ಬೆಸುಗೆ ಹಾಕಿದ ಯಂತ್ರವಾಗಿದ್ದರೆ ಹಣ ಹೋಯಿತೆಂದೇ ಲೆಕ್ಕ.

ಆದ್ದರಿಂದ ಅಂಗಡಿಯಲ್ಲೇ ಯಂತ್ರ ಹಚ್ಚಿಸಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿ ಮೆಮೊರಿ ಎಷ್ಟು, ಅದರ ವೇಗವೆಷ್ಟು, ಗ್ರಾಫಿಕ್ಸಿನ ಹೆಸರೇನು ಎಂಬುದು ಕಾಣುತ್ತದೆ. ಪೆಟ್ಟಿಗೆಯ ಮೇಲಿನ ಹೆಸರಿಗೂ ಪರದೆಯ ಮೇಲಿನ ಹೆಸರಿಗೂ ತಾಳೆಯಾಗಬೇಕು.

ಹೆಸರಿನಲ್ಲಿರುವ ಸುಳಿವು

ಎತ್ತಿಗೆ ಸುಳಿ ನೋಡುವಂತೆ ಪ್ರೊಸೆಸರಿಗೆ ಅಂಕಿ ನೋಡಬೇಕು. ಅಂಗಡಿಯವರು ಐ5, ಐ7, ರೈಜನ್ 5 ಎಂದಷ್ಟೇ ಹೇಳಿ ಮುಗಿಸುತ್ತಾರೆ. ಅದು ಸಾಲದು. ಪೂರ್ತಿ ಸಂಖ್ಯೆ ಕೇಳಿರಿ.

ಎಎಂಡಿ ಕಂಪನಿಯ ರೈಜನ್ 5 7520ಯು, 7530ಯು, 7640ಯು ಮೂರೂ ಕೇಳಲು ಅಣ್ಣತಮ್ಮಂದಿರಂತೆ ಇವೆ. ಆದರೆ ಮೂರನೆಯ ಅಂಕಿಯಲ್ಲಿ ತಳಿ ಅಡಗಿದೆ. 2 ಇದ್ದರೆ ಹಳೆಯ ಝೆನ್ 2 ತಳಿ, 3 ಇದ್ದರೆ ಝೆನ್ 3, 4 ಇದ್ದರೆ ಝೆನ್ 4. 7520ಯು ಚಿಪ್ಪಿನಲ್ಲಿ ಗ್ರಾಫಿಕ್ಸಿನ ಘಟಕಗಳು ಎರಡೇ. 7640ಯು ಒಳಗೆ ರೇಡಿಯಾನ್ 760ಎಂ ಇದ್ದು ಘಟಕಗಳು 8. ರೈಜನ್ 7 7840ಯು ಒಳಗಿನ ರೇಡಿಯಾನ್ 780ಎಂಗೆ 12. ಮುಂದೆ ಬಂದ 8640ಎಚ್‌ಎಸ್ ಮತ್ತು 8840ಎಚ್‌ಎಸ್ ಚಿಪ್ಪುಗಳಲ್ಲೂ ಕ್ರಮವಾಗಿ ಇವೇ 760ಎಂ, 780ಎಂ ಇವೆ. ಬಲವಾದ ಗ್ರಾಫಿಕ್ಸ್ ಬೇಕಾದವರು ಈ ಎರಡು ಹೆಸರು ಬರೆದಿಟ್ಟುಕೊಳ್ಳಿರಿ.

ಇಂಟೆಲ್ ಕಡೆಯಲ್ಲಿ 2023ರ ಡಿಸೆಂಬರಿನಲ್ಲಿ ಕೋರ್ ಅಲ್ಟ್ರಾ ಎಂಬ ಸಾಲು ಬಂತು. ಅಲ್ಟ್ರಾ 5 125ಎಚ್ ಚಿಪ್ಪಿನಲ್ಲಿ ಗ್ರಾಫಿಕ್ಸಿನ ಕೋರುಗಳು 7. ಅಲ್ಟ್ರಾ 5 125ಯು ಚಿಪ್ಪಿನಲ್ಲಿ 4 ಮಾತ್ರ. ಅಂದರೆ ಕೊನೆಯ ಒಂದು ಅಕ್ಷರದಲ್ಲಿ ಹೆಚ್ಚುಕಡಿಮೆ ಅರ್ಧ ಬಲ ಹೋಯಿತು. ಎಚ್ ಇದ್ದರೆ ಬಲ ಹೆಚ್ಚು, ವಿದ್ಯುತ್ತೂ ಹೆಚ್ಚು ಬೇಕು. ಯು ಇದ್ದರೆ ಬಲ ಕಡಿಮೆ, ಬ್ಯಾಟರಿ ಉಳಿತಾಯ. ಯಾವುದೂ ಕೆಟ್ಟದ್ದಲ್ಲ. ನಿಮ್ಮ ಕೆಲಸಕ್ಕೆ ಯಾವುದೆಂಬುದೇ ಪ್ರಶ್ನೆ. ಹೊಲ ಹರಗುವುದಕ್ಕೂ ಬಂಡಿ ಎಳೆಯುವುದಕ್ಕೂ ಒಂದೇ ಎತ್ತು ಹೊಂದುವುದಿಲ್ಲ ಎಂಬುದು ನಿಮಗೆ ಗೊತ್ತಿದ್ದದ್ದೇ.

ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ಕರೆಂಟು

ಪೇಟೆಯ ಪರೀಕ್ಷಕರು ತಣ್ಣನೆಯ ಕೋಣೆಯಲ್ಲಿ ಯಂತ್ರ ತೂಗಿ ಅಂಕ ಕೊಡುತ್ತಾರೆ. ನಮ್ಮ ಕಟ್ಟೆಯ ಮೇಲೆ ಅದು ಹೇಗೆ ನಡೆದೀತು ಎಂಬುದನ್ನು ನಾವೇ ವಿಚಾರಿಸಬೇಕು.

ಬಿಸಿಲು: ಬಹುಪಾಲು ತಯಾರಕರು ತಮ್ಮ ಯಂತ್ರ 35 ಡಿಗ್ರಿವರೆಗಿನ ಹವೆಯಲ್ಲಿ ಕೆಲಸ ಮಾಡುವಂತೆ ಹೇಳುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಘಟಪ್ರಭೆಯ ದಂಡೆಯ ತಗಡಿನ ಮನೆಗಳಲ್ಲಿ ಮಧ್ಯಾಹ್ನ ಅದಕ್ಕೂ ಮೇಲಿರುತ್ತದೆ. ತೆಳು ಯಂತ್ರ ಬಿಸಿಯಾದೊಡನೆ ತನ್ನನ್ನು ಕಾಯ್ದುಕೊಳ್ಳಲು ವೇಗ ಇಳಿಸುತ್ತದೆ. ಹೀಗಾಗಿ ಮೊದಲ ಐದು ನಿಮಿಷದ ಓಟ ನೋಡಿ ಮೆಚ್ಚಬೇಡಿರಿ. ಅಂಗಡಿಯಲ್ಲಿ 20 ನಿಮಿಷ ಎಡೆಬಿಡದೆ ಒಂದು ಭಾರವಾದ ಕೆಲಸ ನಡೆಸಿ, ಆಮೇಲೂ ಅದೇ ವೇಗವಿದೆಯೇ, ಕೈಯಿಟ್ಟರೆ ತಾಳುತ್ತದೆಯೇ ನೋಡಿರಿ. ಭಾರದ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮಾಡುವ ರೂಢಿಯೂ ಒಳ್ಳೆಯದು.

ಬೆಳಕು: ಪರದೆಯ ಪ್ರಕಾಶವನ್ನು ನಿಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 300 ನಿಟ್ಸ್ ಕೋಣೆಯೊಳಗೆ ಸಾಕು. ಪಡಸಾಲೆಯ ಬೆಳಕಿಗೆ 400ರ ಮೇಲಿದ್ದರೆ ಅನುಕೂಲ. ನಡುಹಗಲ ಬಿಸಿಲಿನಲ್ಲಿ ಹೊಲದಲ್ಲಿ ನಿಂತು ನೋಡುತ್ತೇನೆಂದರೆ ಈ ಬೆಲೆಯ ಯಾವುದೂ ಚೆನ್ನಾಗಿ ಕಾಣದು. ಮುಟ್ಟುವ ಪರದೆಗಳು ಹೊಳಪಿನವಾದ್ದರಿಂದ ನಿಮ್ಮ ಮುಖವೇ ಹೆಚ್ಚು ಕಾಣುತ್ತದೆ. ಯಂತ್ರವನ್ನು ಅಂಗಡಿಯ ಬಾಗಿಲಿಗೆ ತಂದು ಹೊರಗಿನ ಬೆಳಕಿನಲ್ಲಿ ಒಮ್ಮೆ ನೋಡಿರಿ.

ಧೂಳು: ಪರದೆ ಮಡಚಿ ಪಾಟಿ ಮಾಡಿದಾಗ ಕೀಲಿಮಣೆ ಕೆಳಮುಖವಾಗುತ್ತದೆ. ಆ ಸ್ಥಿತಿಯಲ್ಲಿ ಬದುವಿನ ಮೇಲೆ, ಆಲೆಮನೆಯ ಕಟ್ಟೆಯ ಮೇಲೆ ಇಟ್ಟರೆ ಮಣ್ಣು, ಬೂದಿ, ಕಬ್ಬಿನ ಸಿಪ್ಪೆಯ ಪುಡಿ ನೇರವಾಗಿ ಕೀಲಿಗಳ ಸಂದಿಗೆ ಹೋಗುತ್ತದೆ. ಕೆಳಗೆ ಒಂದು ಸ್ವಚ್ಛ ಅರಿವೆ ಹಾಸುವುದು ಕಡ್ಡಾಯ. ಗಾಳಿಯ ಕಿಂಡಿ ಮುಚ್ಚದಂತೆಯೂ ನೋಡಿಕೊಳ್ಳಿರಿ.

ಕೀಲು: ಈ ಯಂತ್ರದ ಪ್ರಾಣ ಅದರ ತಿರುಗುಣಿಯಲ್ಲಿದೆ. ಹತ್ತು ಸಲ ತೆರೆದು ಮಡಚಿ ನೋಡಿರಿ. ಕಿರುಗುಟ್ಟಬಾರದು. ಪರದೆಯ ಮೇಲೆ ಬರೆಯುವಾಗ ಅಲುಗಾಡಬಾರದು. ಬಿಗಿ ಎರಡೂ ಬದಿಗೆ ಸಮವಾಗಿರಬೇಕು. ತೂಕವನ್ನೂ ಗಮನಿಸಿರಿ. 14 ಇಂಚಿನದು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅರ್ಧ ಗಂಟೆ ಒಂದೇ ಕೈಯಲ್ಲಿ ಹಿಡಿದು ಬರೆಯುವುದು ಹೇಳಿದಷ್ಟು ಸುಲಭವಲ್ಲ. ಪೆನ್ನು ಪೆಟ್ಟಿಗೆಯಲ್ಲೇ ಬರುತ್ತದೆಯೋ ಬೇರೆ ಕೊಳ್ಳಬೇಕೋ ಕೇಳಿರಿ. ಎಲ್ಲ ಪೆನ್ನು ಎಲ್ಲ ಯಂತ್ರಕ್ಕೂ ಕೂಡುವುದಿಲ್ಲ.

ಕರೆಂಟು: ಹುಕ್ಕೇರಿ ತಾಲೂಕಿನವರಿಗೆ 1969ರಲ್ಲಿ ಹುಟ್ಟಿದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಗೋಕಾಕ, ಮೂಡಲಗಿಯವರಿಗೆ ಹೆಸ್ಕಾಂ ಇದೆ. ಯಾರದೇ ತಂತಿಯಿರಲಿ, ಹಳ್ಳಿಯ ಮನೆಯಲ್ಲಿ ಕರೆಂಟು ಹೋಗಿಬರುವುದು ಇದ್ದೇ ಇದೆ. ಚಾರ್ಜರಿನ ಮೇಲೆ 100-240 ವೋಲ್ಟ್ ಎಂದಿದ್ದರೆ ಕಡಿಮೆ ವೋಲ್ಟೇಜಿಗೆ ಅಷ್ಟು ಅಂಜಬೇಕಿಲ್ಲ. ಅಂಜಬೇಕಾದದ್ದು ಸಿಡಿಲಿಗೆ ಮತ್ತು ಒಮ್ಮೆಲೆ ಏರುವ ವೋಲ್ಟೇಜಿಗೆ. ಅರ್ಥಿಂಗ್ ಇರುವ ಮೂರು ತೂತಿನ ಪ್ಲಗ್ಗಿಗೇ ಹಚ್ಚಿರಿ, ಗುಡುಗು ಮಿಂಚು ಬಂದಾಗ ಕಿತ್ತಿಡಿರಿ.

ಬ್ಯಾಟರಿಯ ಲೆಕ್ಕ ಸುಲಭ. ಅದರ ಸಾಮರ್ಥ್ಯ 60 ವ್ಯಾಟ್-ಅವರ್ ಎಂದಿಟ್ಟುಕೊಳ್ಳಿರಿ. ಓದು ಬರಹದ ಕೆಲಸಕ್ಕೆ 8 ವ್ಯಾಟ್ ಹಿಡಿದರೆ ಏಳೂವರೆ ತಾಸು ಬರುತ್ತದೆ. ಗ್ರಾಫಿಕ್ಸಿನ ಭಾರದ ಕೆಲಸಕ್ಕೆ 25 ವ್ಯಾಟ್ ಹಿಡಿದರೆ ಎರಡೂವರೆ ತಾಸೂ ಬರದು. 'ದಿನವಿಡೀ ಬ್ಯಾಟರಿ' ಎಂಬ ಜಾಹೀರಾತನ್ನು ಈ ಭಾಗಾಕಾರದಿಂದ ಒರೆಗೆ ಹಚ್ಚಿರಿ.

ಕನ್ನಡ ಮತ್ತು ಕಾಗದಪತ್ರ

ಅಂಗಡಿಯಲ್ಲೇ ಕನ್ನಡದಲ್ಲಿ ನಿಮ್ಮ ಊರಿನ ಹೆಸರು ಬೆರಳಚ್ಚಿಸಿ ನೋಡಿರಿ. ಒತ್ತಕ್ಷರ ಮುರಿಯದೆ ಬರಬೇಕು. ಹಳೆಯ ಯಂತ್ರ ಅಗ್ಗಕ್ಕೆ ಸಿಗುತ್ತದೆಂದು ಮೋಹಪಡುವವರು ಒಂದು ಮಾತು ನೆನಪಿಡಬೇಕು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಡೆಯದ ಹಳೆಯ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಕದವಿಲ್ಲದ ಮನೆಯಲ್ಲಿ ಹಣವಿಟ್ಟಂತೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಮನೆಗಳಿಗೆ ನುಗ್ಗಿದಾಗ ಎಷ್ಟು ಕುಟುಂಬಗಳ ಕಾಗದಪತ್ರ ನೀರುಪಾಲಾದವು! ಯಂತ್ರದಲ್ಲಿಟ್ಟ ಲೆಕ್ಕಪತ್ರವೂ ಹಾಗೆಯೇ ಹೋಗಬಹುದು. ಮುಖ್ಯವಾದುದರ ಒಂದು ಪ್ರತಿಯನ್ನು ಬೇರೆ ಡ್ರೈವಿನಲ್ಲಿ ಬೇರೆ ಮನೆಯಲ್ಲಿಡಿರಿ.

ರಸೀದಿ ಕೇಳದೆ ಹೊರಬರಬೇಡಿರಿ. ಜಿಎಸ್‌ಟಿ ಬಿಲ್ಲಿನಲ್ಲಿ ಯಂತ್ರದ ಪೂರ್ತಿ ಮಾದರಿ ಸಂಖ್ಯೆ ಮತ್ತು ಸೀರಿಯಲ್ ಸಂಖ್ಯೆ ಇರಬೇಕು. ಜಿಎಸ್‌ಟಿ 18 ಪ್ರತಿಶತ ಸೇರಿದ ಬೆಲೆಯನ್ನೇ ಬೆಲೆ ಎಂದು ಮಾತಾಡಿರಿ. 'ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ' ಎಂದರೆ ಎದ್ದು ಬನ್ನಿರಿ. ವಾರಂಟಿಯಲ್ಲಿ ದುರಸ್ತಿಗೆ ಮನೆಗೆ ಬರುತ್ತಾರೋ, ನಾವೇ ಬೆಳಗಾವಿಗೆ ಹೊತ್ತೊಯ್ಯಬೇಕೋ ಬರೆಸಿಕೊಳ್ಳಿರಿ. ಒಡೆದ ಮುಟ್ಟುಪರದೆಗೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ. ಕಂತಿನ ಮೇಲೆ ಕೊಳ್ಳುವವರು ನಗದು ಬೆಲೆ ಎಷ್ಟು, ಎಲ್ಲ ಕಂತು ಕೂಡಿದರೆ ಎಷ್ಟು ಎಂಬೆರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿರಿ.

ಹೇಳಿದ್ದು ಒಂದು, ಕೊಟ್ಟದ್ದು ಒಂದು ಆದರೆ ಸುಮ್ಮನೆ ಕೂಡ್ರಬೇಡಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿನ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಮೂರು ಮನೆ, ಮೂರು ಉತ್ತರ

ಇಷ್ಟೆಲ್ಲ ತಿಳಿದ ಮೇಲೆ, ಕೊಳ್ಳಬೇಕೇ ಬೇಡವೇ? ಮೂರು ಮನೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿರಿ.

ಮೊದಲ ಮನೆಗೆ ಬೇಕಾದದ್ದು ಪಹಣಿ, ಫ್ರೂಟ್ಸ್ ನೋಂದಣಿ, ದಿಶಾಂಕದಲ್ಲಿ ಸರ್ವೆ ನಂಬರ್ ನೋಡುವುದು, ಕಬ್ಬಿನ ಬಿಲ್ಲು. ಇವರು ಯಾವ ಲ್ಯಾಪ್‌ಟಾಪನ್ನೂ ಕೊಳ್ಳಬೇಕಾದ ಕಾರಣವಿಲ್ಲ. ಕೈಯಲ್ಲಿರುವ ಫೋನು, ಊರಿನ ಗ್ರಾಮ ಒನ್ ಕೇಂದ್ರ ಸಾಕು. ಆ ಹಣ ಹನಿ ನೀರಾವರಿಗೆ ಹೋಗಲಿ.

ಎರಡನೆಯ ಮನೆಯ ಮಗ ಪದವಿ ಓದುತ್ತಾನೆ. ಟೈಪು ಮಾಡಬೇಕು, ಪಾಠ ಕೇಳಬೇಕು, ಲೆಕ್ಕದ ತಃಖ್ತೆ ಹಾಕಬೇಕು. ಅವನಿಗೆ ಮಡಚದ, 16 ಜಿಬಿಯ ಸಾದಾ ಲ್ಯಾಪ್‌ಟಾಪು ಸಾಕು. ತಿರುಗುಣಿಗೂ ಮುಟ್ಟುಪರದೆಗೂ ಕೊಡುವ ಹೆಚ್ಚಿನ ಹಣ ಉಳಿಯುತ್ತದೆ, ಒಡೆಯುವ ಭಯವೂ ಕಡಿಮೆ.

ಮೂರನೆಯ ಮನೆಯ ಮಗಳು ತೋಟಗಾರಿಕೆಯನ್ನೋ ಕೃಷಿ ಎಂಜಿನಿಯರಿಂಗನ್ನೋ ಓದುತ್ತಾಳೆ. ಎಲೆ, ಹೂವು, ಕೀಟದ ಚಿತ್ರ ಕೈಯಿಂದ ಬಿಡಿಸಬೇಕು. ಪೈಪ್‌ಲೈನಿನ ನಕ್ಷೆ ಹಾಕಬೇಕು. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಹೊಲದ ನಕ್ಷೆ ತೆರೆಯಬೇಕು. ಬೆಳೆಯ ವೀಡಿಯೋ ಜೋಡಿಸಬೇಕು. ಮಡಚುವ ಯಂತ್ರವೂ ಬಲವಾದ ಒಳಗೂಡಿದ ಗ್ರಾಫಿಕ್ಸೂ ಹುಟ್ಟಿದ್ದೇ ಇಂಥವರಿಗಾಗಿ. ಇವಳಿಗೆ ಕೊಡಿಸಿರಿ. ಕೊಡಿಸುವಾಗ 16 ಜಿಬಿ, ಎರಡು ಚಾನೆಲ್, ಸರಿಯಾದ ಅಂಕಿಯ ಚಿಪ್ಪು, ಗಟ್ಟಿ ತಿರುಗುಣಿ, ಸೀರಿಯಲ್ ಸಂಖ್ಯೆಯ ರಸೀದಿ, ಈ ಐದನ್ನು ಬಿಡಬೇಡಿರಿ. ಮತ್ತು ಅವಳನ್ನೇ ಜೊತೆಗೆ ಕರೆದುಕೊಂಡು ಹೋಗಿರಿ. ದುಡಿಸುವವರು ನೋಡದ ಎತ್ತನ್ನು ಯಾರೂ ಕೊಳ್ಳುವುದಿಲ್ಲ.

ವಾಚನಾಲಯದಲ್ಲಿ ಈ ಪುಟ ಓದಿದವರು ಮೇಲಿನ ಐದು ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಳ್ಳಿರಿ. ಪೇಟೆಗೆ ಹೋಗುವ ನೆರೆಯವರಿಗೂ ತೋರಿಸಿರಿ. ಅರ್ಧ ಎಕರೆ ಕಬ್ಬು ಬೆಳೆಯಲು ಒಂದು ವರ್ಷ ಬೇಕು. ಅದನ್ನು ಒಂದು ಪೆಟ್ಟಿಗೆಗೆ ಕೊಡುವ ಮುನ್ನ ಒಂದು ದಿನವಾದರೂ ಪರೀಕ್ಷೆಗೆ ಕೊಡುವುದು ಹೆಚ್ಚೇನಲ್ಲ.